ನಾಯಿಯ ಮೂತಿಯೂ ಮನುಷ್ಯನ ಅಭಿರುಚಿಯೂ

ನಾಯಿ ಬೆಕ್ಕುಗಳ ತಲೆ ಕತ್ತುಗಳ ರಚನೆಯನ್ನು ಕುರಿತು ಭೌತಶಾಸ್ತ್ರದ ಅಧ್ಯಾಪಕನೊಬ್ಬನು ಬರೆಯಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ವಾಚಕರು ಕೇಳಬಹುದು. ಅದು ಪಶುವೈದ್ಯ ವಿದ್ಯಾರ್ಥಿಗಳ ಪಾಠ. ಎಲುಬು, ಸ್ನಾಯು, ನರಗಳ ನೂರಾರು ಹೆಸರುಗಳನ್ನು ಕಂಠಪಾಠಮಾಡಿ ಒಪ್ಪಿಸುವ ಕಷ್ಟವೂ ಅವರದೇ. ಆದರೆ ಆ ಹೆಸರುಗಳ ಹಿಂದೆ ಅಡಗಿರುವುದು ಗಾಳಿಯ ಹರಿವು, ಶಾಖದ ವಿನಿಮಯ, ಒತ್ತಡದ ಏರಿಳಿತ. ಇವು ನಮ್ಮ ತರಗತಿಯ ಸರಕು. ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಎಲ್ಲೆಂದರಲ್ಲಿ ಕಾಣಬರುವ ಒಂದು ಬಗೆಯ ನಾಯಿಯನ್ನು ನೋಡಿದಾಗ, ಈ ನಿಯಮಗಳನ್ನು ಬಲ್ಲವನು ಸುಮ್ಮನಿರುವುದು ಕಷ್ಟ. ಚಪ್ಪಟೆ ಮೋರೆಯ, ಉಬ್ಬುಗಣ್ಣಿನ, ಸುಕ್ಕುಹಣೆಯ ಪಗ್ ನಾಯಿಯ ಮಾತನ್ನೇ ನಾನು ಹೇಳುತ್ತಿರುವುದು. 2003ರಲ್ಲಿ ದೂರವಾಣಿ ಕಂಪನಿಯೊಂದರ ಜಾಹೀರಾತಿನಲ್ಲಿ ಬಾಲಕನೊಬ್ಬನ ಹಿಂದೆ ಹಿಂದೆ ಓಡಿದ ಈ ನಾಯಿ ಇಡೀ ದೇಶದ ಮನಸ್ಸನ್ನು ಸೆಳೆಯಿತು. ಅದರ ಮುದ್ದಿನಲ್ಲಿ ನನಗೂ ಸಂದೇಹವಿಲ್ಲ. ಆದರೆ ಇಂಥ ಮುಖವನ್ನು ಬೇಕೆಂದೇ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತಿರುವುದು ನಿಲ್ಲಬೇಕೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಅದಕ್ಕೆ ಕಾರಣವನ್ನು ಆ ನಾಯಿಯ ತಲೆಯೊಳಗೇ ಹುಡುಕೋಣ.

ಮೊದಲು ಸಹಜವಾದ ತಲೆಯೊಂದನ್ನು ನೋಡಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿತು. ಅದರ ನೀಳವಾದ ಮೂತಿ ಟೊಳ್ಳು ಕೊಳವೆಯಲ್ಲ. ಒಳಗೆ ಕಾಗದದಷ್ಟು ತೆಳುವಾದ ಎಲುಬಿನ ಹಾಳೆಗಳು ಸುರುಳಿಸುರುಳಿಯಾಗಿ ಸುತ್ತಿಕೊಂಡಿವೆ. ಅವುಗಳ ಮೇಲೆ ಒದ್ದೆಯಾದ ಲೋಳೆಪೊರೆ, ಪೊರೆಯ ತುಂಬ ರಕ್ತನಾಳಗಳು. ಅಂಗೈಯಗಲದ ಸ್ಥಳದಲ್ಲಿ ಬಹು ವಿಸ್ತಾರವಾದ ಮೇಲ್ಮೈಯನ್ನು ಮಡಿಸಿಟ್ಟ ಹಾಗೆ. ಹಿಂಭಾಗದ ಸುರುಳಿಗಳು ವಾಸನೆ ಹಿಡಿಯುವುದಕ್ಕೆ. ಮುಂಭಾಗದವು ಮುಖ್ಯವಾಗಿ ಉಸಿರನ್ನು ಹದಗೊಳಿಸುವುದಕ್ಕೆ, ದೇಹವನ್ನು ತಂಪಾಗಿಡುವುದಕ್ಕೆ.

ತಂಪಿನ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ; ಪಾದದ ಮೆತ್ತೆಗಳಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟೆ. ಆದ್ದರಿಂದ ಅದು ನಾಲಗೆ ಚಾಚಿ ತೇಕುತ್ತದೆ. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. 10 ಕಿಲೋಗ್ರಾಂ ತೂಕದ ನಾಯಿಯ ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 8000 ಕ್ಯಾಲೊರಿಯನ್ನು ಹೊರಹಾಕಬೇಕೆಂದು ಲೆಕ್ಕಹಾಕಿದರೆ, ಆವಿಯಾಗಬೇಕಾದ ನೀರು ಕೇವಲ 14 ಗ್ರಾಂ, ಮೂರು ಚಹಾ ಚಮಚಗಳಷ್ಟು! ನಾಯಿಯು ಬಾಯಿತೆರೆದು ತೇಕುವಾಗ ಗಾಳಿ ಒಳಹೋಗುವುದೂ ಬಾಯಿಂದಲೇ ಎಂದು ನೋಡುವವರಿಗೆ ತೋರುತ್ತದೆ. ಆದರೆ ಗಾಳಿಯು ಬಹುಮಟ್ಟಿಗೆ ಮೂಗಿನಿಂದ ಒಳಹೊಕ್ಕು ಬಾಯಿಂದ ಹೊರಬೀಳುತ್ತದೆಂಬುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಅವರ ಸಂಗಡಿಗರು 1970ರಲ್ಲಿ ತೋರಿಸಿಕೊಟ್ಟರು. ಎಂದರೆ, ತಂಪುಮಾಡುವ ಯಂತ್ರದ ಬಹುಪಾಲು ಇರುವುದು ಮೂತಿಯೊಳಗಿನ ಆ ಸುರುಳಿಗಳಲ್ಲಿ. ನಾಲಗೆ ನಮಗೆ ಕಾಣುವ ಭಾಗ ಮಾತ್ರ.

ಇನ್ನೊಂದು ಸ್ವಾರಸ್ಯ. ಹೀಗೆ ಬಿರುಸಾಗಿ ತೇಕಿದರೆ ಸ್ನಾಯುಗಳ ದುಡಿಮೆಯಿಂದಲೇ ಶಾಖ ಹುಟ್ಟುವುದಿಲ್ಲವೆ? ಇ. ಸಿ. ಕ್ರಾಫರ್ಡ್ ಎಂಬ ವಿಜ್ಞಾನಿ 1962ರಲ್ಲಿ ಈ ಪ್ರಶ್ನೆಗೆ ಸೊಗಸಾದ ಉತ್ತರವನ್ನು ಕಂಡರು. ನಾಯಿಯು ನಿಮಿಷಕ್ಕೆ 300ಕ್ಕೂ ಮಿಕ್ಕ ಸಲ ತೇಕುತ್ತದೆ. ಅದರ ಎದೆಗೂಡಿನ ಸಹಜ ಆವೃತ್ತಿಯೂ ಹೆಚ್ಚುಕಡಿಮೆ ಅಷ್ಟೇ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ದೊಡ್ಡದಾಗಿ ತೂಗುವುದಿಲ್ಲವೆ, ಹಾಗೆಯೇ ಅಲ್ಪ ಶ್ರಮದಿಂದ ಎದೆಗೂಡು ಕಂಪಿಸುತ್ತದೆ. ಅನುನಾದದ ಪಾಠಕ್ಕೆ ಇದಕ್ಕಿಂತ ಜೀವಂತವಾದ ದೃಷ್ಟಾಂತ ನನಗೆ ದೊರೆತಿಲ್ಲ. ಶ್ರುತಿಕವೆಯನ್ನೇ ಎಷ್ಟು ದಿನ ಬಾರಿಸುತ್ತಿರುವುದು!

ತಲೆಯೆಂಬುದು ತೆರಪಿಲ್ಲದ ಮನೆ. ಕಣ್ಣು, ಕಿವಿ, ಮೂಗು, ಮಿದುಳು, ದವಡೆ, ಗಂಟಲು ಎಲ್ಲವೂ ಒಂದಕ್ಕೊಂದು ಮೈಗೆ ಮೈ ತಾಗಿಸಿಕೊಂಡು ಅಲ್ಲಿ ವಾಸಿಸುತ್ತವೆ. ಬೆಕ್ಕಿನ ಒಂದು ಉದಾಹರಣೆಯನ್ನು ಕೊಡುತ್ತೇನೆ. ನಾಯಿಯಲ್ಲಿ ಕತ್ತಿನಿಂದ ಮಿದುಳಿಗೆ ನೇರವಾಗಿ ರಕ್ತವನ್ನೊಯ್ಯುವ ಒಂದು ಅಪಧಮನಿಯುಂಟು. ಬೆಳೆದ ಬೆಕ್ಕಿನಲ್ಲಿ ಅದು ಬಹುಮಟ್ಟಿಗೆ ಮುಚ್ಚಿಹೋಗಿ, ದವಡೆಯ ಬಳಿಯಿಂದ ಸಾಗುವ ಮತ್ತೊಂದು ನಾಳ ಆ ಹೊಣೆಯನ್ನು ಹೊರುತ್ತದೆ. ಬೆಕ್ಕಿಗೆ ಅರಿವಳಿಕೆ ಕೊಟ್ಟು, ಸ್ಪ್ರಿಂಗ್ ಸಾಧನದಿಂದ ಬಾಯನ್ನು ಬಹಳ ಅಗಲವಾಗಿ ತೆರೆದಿಟ್ಟರೆ ದವಡೆಯ ಎಲುಬು ಈ ನಾಳವನ್ನು ಅದುಮಬಹುದು. ಅರಿವಳಿಕೆಯ ಅನಂತರ ಕುರುಡಾದ 20 ಬೆಕ್ಕುಗಳನ್ನು ಕುರಿತು 2012ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ 16 ಬೆಕ್ಕುಗಳಿಗೆ ಇಂಥ ಸಾಧನವನ್ನು ಬಳಸಲಾಗಿತ್ತು. ಅವುಗಳಲ್ಲಿ ಹಲವಕ್ಕೆ ದೃಷ್ಟಿ ಮರಳಿತೆಂಬುದು ಸಮಾಧಾನದ ಸಂಗತಿ. ಬಾಯಿ ತೆರೆದರೆ ಕಣ್ಣು ಹೋಗುವಷ್ಟು ಒತ್ತಾದ ಮನೆಯ ಗೋಡೆಯನ್ನು ಅಂದಕ್ಕಾಗಿ ಒಳಕ್ಕೆ ತಳ್ಳಿದರೆ ಏನಾದೀತು?

ಪಗ್ ನಾಯಿಯಲ್ಲಿ ಆದದ್ದು ಅದೇ. ಗಿಡ್ಡ ಮುಖದ ಮರಿಗಳನ್ನೇ ಆರಿಸಿ ಆರಿಸಿ ಸಾಕಿದುದರಿಂದ ಮುಖದ ಎಲುಬುಗಳು ಗಿಡ್ಡವಾದುವು. ಎಲುಬಿನ ಮೇಲಣ ಮಾಂಸ, ಚರ್ಮ, ಅಂಗುಳು ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಮಿಕ್ಕ ಚರ್ಮವೇ ಹಣೆಯ ಸುಕ್ಕು. ಮೂತಿಯೊಳಗಿನ ಸುರುಳಿಗಳು ಸ್ಥಳ ಸಾಲದೆ ಗಾಳಿಯ ದಾರಿಗೇ ಚಾಚಿಕೊಳ್ಳುತ್ತವೆ. ಬಾಯಿಯ ಹಿಂಭಾಗದ ಮೃದು ಅಂಗುಳು ಉದ್ದವಾಗಿ ಶ್ವಾಸದ್ವಾರದ ಮೇಲೆ ಜೋತುಬೀಳುತ್ತದೆ. ನಾವು ಕೇಳಿ ನಗುವ ಗೊರಕೆ ಅದು ಅದುರುವ ಸದ್ದು. ನಾಯಿಗೆ 42 ಹಲ್ಲು, ಬೆಕ್ಕಿಗೆ 30 ಎಂಬುದು ಪಾಠದ ಮಾತು. ಪಗ್ ನಾಯಿಗೂ ಲೆಕ್ಕ 42ರದೇ. ಅರ್ಧ ದವಡೆಯಲ್ಲಿ ಪೂರ್ಣ ಸಂಸಾರ ಹೂಡಿದ ಹಲ್ಲುಗಳು ಅಡ್ಡಡ್ಡ ತಿರುಗಿ ನಿಲ್ಲುತ್ತವೆ. ನಾಯಿಯ ಕಣ್ಣಿನ ಸುತ್ತ ಮನುಷ್ಯನಿಗಿರುವಂತೆ ಎಲುಬಿನ ಪೂರ್ಣವಾದ ಬಳೆಯಿಲ್ಲ, ಹೊರಬದಿಯಲ್ಲಿ ತಂತುಕಟ್ಟೊಂದು ಮಾತ್ರವಿದೆ. ಪಗ್ಗಿನಲ್ಲಿ ಆ ಗೂಡೂ ಆಳ ತಪ್ಪಿದೆ. ಆದ್ದರಿಂದ ಒಂದು ಜಗಳದಲ್ಲಿ, ಕೆಲವೊಮ್ಮೆ ಕತ್ತನ್ನು ಬಲವಾಗಿ ಹಿಡಿದೆಳೆದಾಗ, ಕಣ್ಣುಗುಡ್ಡೆಯೇ ಹೊರಕ್ಕೆ ಬಂದುಬಿಡಬಹುದು. ಪರ್ಷಿಯನ್ ಬೆಕ್ಕಿನ ಕಥೆಯೂ ಬೇರೆಯಲ್ಲ. ಕಣ್ಣೀರನ್ನು ಮೂಗಿಗೆ ಇಳಿಸುವ ಸಣ್ಣ ನಾಳ ಚಪ್ಪಟೆ ಮುಖದಲ್ಲಿ ಸೊಟ್ಟಗೆ ಬಾಗಿ, ನೀರು ಕೆನ್ನೆಯ ಮೇಲೆ ಸದಾ ಹರಿಯುತ್ತಿರುತ್ತದೆ.

ಇಷ್ಟರಲ್ಲಿ ಅತ್ಯಂತ ಕಠಿನವಾದುದು ಮೂಗಿನ ಹೊಳ್ಳೆಯ ಪ್ರಶ್ನೆ. ಪಗ್ ನಾಯಿಯ ಹೊಳ್ಳೆಗಳು ಅನೇಕ ವೇಳೆ ಗೀರೆಳೆದಂತೆ ಇರುತ್ತವೆ. ಫ್ರಾನ್ಸಿನ ವೈದ್ಯ ಪ್ವಾಸೆಯ ಅವರ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಓದಿದ್ದಾರೆ: ಸಮನಾದ ಹರಿವಿಗೆ ಕೊಳವೆಯ ತ್ರಿಜ್ಯ ಅರ್ಧವಾದರೆ ಪ್ರತಿರೋಧ 2 ಪಟ್ಟಲ್ಲ, 16 ಪಟ್ಟು ಆಗುತ್ತದೆ. ಮೂಗಿನೊಳಗಿನ ಹರಿವು ಸುಳಿಗಳಿಲ್ಲದ ಸಮನಾದ ಹರಿವಲ್ಲ, ಮೂಗು ನುಣುಪಾದ ಕೊಳವೆಯೂ ಅಲ್ಲ. ಆದ್ದರಿಂದ ಈ ಅಂಕಿಯನ್ನು ಅಕ್ಷರಶಃ ಹಿಡಿಯಬಾರದು. ಆದರೂ ಕೊಂಚ ಇಕ್ಕಟ್ಟಾದರೆ ಬಹಳ ಕಷ್ಟ ಎಂಬ ತಾತ್ಪರ್ಯ ಉಳಿಯುತ್ತದೆ. ಸುಳಿಗಳು ಕಷ್ಟವನ್ನು ಹೆಚ್ಚಿಸುತ್ತವೆಯೇ ಹೊರತು ತಗ್ಗಿಸುವುದಿಲ್ಲ. ಈ ಪ್ರತಿರೋಧವನ್ನು ಗೆಲ್ಲಲು ನಾಯಿಯು ಜೋರಾಗಿ ಗಾಳಿಯನ್ನು ಎಳೆಯಬೇಕು. ಹಾಗೆ ಎಳೆದಾಗ ಗಂಟಲೊಳಗಿನ ಒತ್ತಡ ಇಳಿದು, ಅಲ್ಲಿನ ಮೆತ್ತನೆಯ ಪೊರೆ ಒಳಮುಖವಾಗಿ ಸೆಳೆಯಲ್ಪಟ್ಟು, ವರ್ಷಗಳು ಕಳೆದಂತೆ ಧ್ವನಿಪೆಟ್ಟಿಗೆಯ ಪಕ್ಕದ ಚೀಲಗಳೇ ಮಗುಚಿ ದಾರಿಗೆ ಅಡ್ಡವಾಗುತ್ತವೆ.

ಈಗ ಈ ನಾಯಿಯನ್ನು ಕಲಬುರಗಿಯ ಮೇ ತಿಂಗಳಿಗೆ ತನ್ನಿ. ನಾಯಿಯ ಮೈಯ ಉಷ್ಣತೆ 38ರಿಂದ 39 ಡಿಗ್ರಿ. ಹೊರಗೆ 40 ದಾಟಿದರೆ ಗಾಳಿಯೇ ಅದರ ಮೈಯನ್ನು ಕಾಯಿಸುತ್ತದೆ, ಆವಿಯಾಗುವಿಕೆಯೊಂದೇ ಗತಿ. ಮಂಗಳೂರಿಗೆ ಒಯ್ದರೆ ಅಲ್ಲಿನ ತೇವದ ಗಾಳಿ ಆ ಆವಿಯನ್ನೂ ಸುಲಭವಾಗಿ ಸ್ವೀಕರಿಸದು. ಆವಿಯಾಗುವ ಮೇಲ್ಮೈ ಕಡಿಮೆ, ದಾರಿ ಇಕ್ಕಟ್ಟು, ಶ್ರಮ ಹೆಚ್ಚು. ಶ್ರಮದಿಂದ ಶಾಖ, ಶಾಖದಿಂದ ಮತ್ತಷ್ಟು ತೇಕು, ತೇಕಿನ ತಿಕ್ಕಾಟದಿಂದ ಗಂಟಲು ಊದಿ ದಾರಿ ಇನ್ನೂ ಕಿರಿದು. ಗಾಯದ ಮೇಲೆ ಬರೆ ಎಳೆಯುತ್ತ ಸಾಗುವ ಈ ಚಕ್ರದ ಕೊನೆ ಕೆಲವೊಮ್ಮೆ ಸಾವು. ತಂಪು ದೇಶವೆನಿಸಿದ ಬ್ರಿಟನ್ನಿನಲ್ಲಿಯೇ ಗಿಡ್ಡ ಮುಖದ ನಾಯಿಗಳು ಸಾಧಾರಣ ಮುಖದ ನಾಯಿಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಸೆಕೆಯ ಆಘಾತಕ್ಕೆ ಈಡಾಗುವುದೆಂದು 2020ರ ಅಧ್ಯಯನವೊಂದು ತಿಳಿಸಿತು.

ಪಗ್ ಪ್ರಿಯರು ಇದಕ್ಕೆ ಉತ್ತರವಿಲ್ಲದೆ ಕುಳಿತಿಲ್ಲ. “ನಮ್ಮ ನಾಯಿ ಆರೋಗ್ಯವಾಗಿಯೇ ಇದೆ, ಗೊರಕೆ ಅದರ ಜಾತಿಗುಣ” ಎನ್ನುವವರು ಬಹಳ. ಅವರು ಸುಳ್ಳಾಡುತ್ತಿಲ್ಲ, ದಿನವೂ ಕೇಳುವ ಸದ್ದು ರೋಗವೆಂದು ತೋರುವುದಿಲ್ಲ. ಉಸಿರಾಟದ ತೊಂದರೆ ಸ್ಪಷ್ಟವಾಗಿದ್ದ ನಾಯಿಗಳ ಒಡೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ನಾಯಿಗೆ ಅಂಥ ತೊಂದರೆಯೇ ಇಲ್ಲವೆಂದು ಹೇಳಿದುದನ್ನು ಬ್ರಿಟನ್ನಿನ ಸಂಶೋಧಕರು 2012ರಲ್ಲಿ ದಾಖಲಿಸಿದ್ದಾರೆ. ಇದು ಚೀನಾದಿಂದ ಬಂದ ಪುರಾತನ ತಳಿ, ಇದರ ಮುಖವನ್ನು ತಿದ್ದಲು ನಾವು ಯಾರು ಎಂಬುದು ಇನ್ನೊಂದು ವಾದ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಪಗ್ ನಾಯಿಯೊಡನೆ ಬರೆದುಕೊಂಡ ಚಿತ್ರವನ್ನು ಇವರು ನೋಡಲಿ. ಆ ನಾಯಿಗೆ ಮೂತಿಯಿದೆ! ಇಂದಿನ ಚಪ್ಪಟೆತನ ಪುರಾತನವಲ್ಲ, ಅನಂತರದ ಪ್ರದರ್ಶನಗಳ ಮತ್ತು ಮಾರುಕಟ್ಟೆಯ ಕಾಣಿಕೆ.

ಹೊಳ್ಳೆಯನ್ನು ಅಗಲಿಸಿ, ಅಂಗುಳನ್ನು ಕತ್ತರಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಇದೆಯಲ್ಲ ಎಂದರೆ, ಇದೆ. ಎಷ್ಟೋ ನಾಯಿಗಳಿಗೆ ಅದು ಉಪಕಾರಮಾಡಿದೆ. ಆದರೆ ಆ ನಾಯಿಯ ಮರಿಗಳು ಮತ್ತೆ ಅದೇ ಮೂಗನ್ನು ಹೊತ್ತು ಹುಟ್ಟುತ್ತವೆ. ಪಶುವೈದ್ಯ ವಿದ್ಯಾರ್ಥಿಯು ಕಷ್ಟಪಟ್ಟು ಕಲಿತ ವಿದ್ಯೆಯೆಲ್ಲ ಬೇರೊಬ್ಬರ ಶೋಕಿಯನ್ನು ರಿಪೇರಿಮಾಡುವುದರಲ್ಲಿ ವ್ಯಯವಾಗುವುದು ನನಗೆ ನ್ಯಾಯವೆಂದು ಕಾಣುವುದಿಲ್ಲ.

ನೆದರ್ಲೆಂಡ್ಸ್ ದೇಶದಲ್ಲಿ 2014ರ ಕಾನೂನಿಗೆ 2019ರಲ್ಲಿ ಅಳತೆಯೊಂದನ್ನು ಜೋಡಿಸಿ, ಮೂತಿಯು ತಲೆಬುರುಡೆಯ ಸುಮಾರು ಮೂರನೆಯ ಒಂದು ಭಾಗಕ್ಕಿಂತ ಗಿಡ್ಡವಾಗಿರುವ ನಾಯಿಗಳಿಂದ ಮರಿಮಾಡಿಸುವುದನ್ನು ನಿಷೇಧಿಸಿದರು. ನಮ್ಮಲ್ಲಿ 2024ರಲ್ಲಿ, ಮನುಷ್ಯರಿಗೆ ಅಪಾಯಕಾರಿಯೆನ್ನಲಾದ 23 ತಳಿಗಳನ್ನು ನಿಷೇಧಿಸಲು ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಯಾವ ನಾಯಿಗಳಿಗೆ ಮನುಷ್ಯನ ಅಭಿರುಚಿಯೇ ಅಪಾಯಕಾರಿಯೋ ಅವುಗಳ ಚರ್ಚೆ ಅಷ್ಟು ಬಿಸಿಯಾಗಿ ನಡೆದುದನ್ನು ನಾನು ಕೇಳಲಿಲ್ಲ. ನಾಯಿಮರಿ ಬೆಳೆಸುವವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2017ರಲ್ಲಿಯೇ ನಮ್ಮ ದೇಶದಲ್ಲಿ ಬಂದಿವೆ. ಆ ನೋಂದಣಿಯ ಕಾಗದದಲ್ಲಿ ತಾಯಿತಂದೆ ನಾಯಿಗಳ ಮೂತಿಯ ಅಳತೆಗೆ ಒಂದು ಅಂಕಣವನ್ನು ಸೇರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ.

ಹಾಗೆಂದು ಪಗ್ಗನ್ನು ಬಿಟ್ಟು ಎಲ್ಲರೂ ಮುಧೋಳದ ನಾಯಿಯನ್ನು ತನ್ನಿರೆಂದು ನಾನು ಹೇಳುವುದಿಲ್ಲ. ಮೈಲುಗಟ್ಟಲೆ ಓಡಬೇಕಾದ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕುವುದು ಇನ್ನೊಂದು ಬಗೆಯ ಹಿಂಸೆ. ಬೀದಿಯಲ್ಲಿ ಹುಟ್ಟಿದ ನಾಡುಮರಿ ನಮ್ಮ ಹವೆಗೆ ಒಗ್ಗಿದ್ದು. ಅದರ ಮೂತಿಯನ್ನು ಯಾರೂ ತಿದ್ದಿಲ್ಲ. ಈಗಾಗಲೇ ಪಗ್ ಸಾಕಿರುವವರು ಅದನ್ನು ಪ್ರೀತಿಯಿಂದಲೇ ಸಾಕಲಿ: ಮೈ ಬೆಳೆಯಗೊಡದೆ, ಬೆಳಗಿನ ತಂಪಿನಲ್ಲಿ ತಿರುಗಾಡಿಸಿ, ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿಯನ್ನು ಬಳಸಲಿ.

ಹೊಸದಾಗಿ ಮರಿ ತರಬೇಕೆನ್ನುವ ಮನೆಗಳಲ್ಲಿ ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳು ಒಂದು ದಾರವನ್ನು ಕೈಯಲ್ಲಿ ಹಿಡಿದು ಹೊರಡಬಹುದು. ತಾಯಿನಾಯಿಯ ತಲೆಯ ಹಿಂದಣ ಎಲುಬಿನ ಗುಬುಟಿನಿಂದ ಕಣ್ಣುಗಳ ನಡುವಣ ತಗ್ಗಿನವರೆಗೆ ಒಂದು ಅಳತೆ. ಆ ತಗ್ಗಿನಿಂದ ಮೂಗಿನ ತುದಿಯವರೆಗೆ ಇನ್ನೊಂದು. ಬ್ರಿಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದ ನಾಯಿಗಳಲ್ಲಿ ಮಾತ್ರ ಈ ಉಸಿರುಕಟ್ಟಿನ ರೋಗ ಕಂಡುಬಂದಿತ್ತು. ಆಮೇಲೆ ಆ ನಾಯಿಯನ್ನು ಐದು ನಿಮಿಷ ನಡೆಸಿ, ಮಾತು ನಿಲ್ಲಿಸಿ, ಅದರ ಉಸಿರನ್ನು ಕಿವಿಗೊಟ್ಟು ಕೇಳಬೇಕು. ಮಾರುವವನು ತಾಯಿನಾಯಿಯನ್ನು ತೋರಿಸಲು ಒಪ್ಪದಿದ್ದರೆ ಬರಿಗೈಯಲ್ಲಿ ಹಿಂದಿರುಗುವುದು ಲೇಸು.