ಮನಸ್ಸಿನ ಆರೈಕೆಗೆ ಊರಿನ ಕಲೆ

ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಮಾನಸಿಕ ತೊಂದರೆಯಿದೆ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮನೋವೈದ್ಯರ ಕೊರತೆಯ ಜೊತೆಗೆ, ‘ನಾಲ್ಕು ಜನ ಏನಂದಾರು’ ಎಂಬ ಅಳುಕೂ ಇದಕ್ಕೆ ಕಾರಣ.

ಇಂಥ ಕಡೆ ಕಲೆ ಕೈಹಿಡಿಯಬಲ್ಲದು. 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ, ಕಾಯಿಲೆಯನ್ನು ತಡೆಯುವುದರಲ್ಲೂ ನಿಭಾಯಿಸುವುದರಲ್ಲೂ ಕಲೆಗೆ ಪಾತ್ರವಿದೆ ಎಂದಿದೆ. ನಮ್ಮಲ್ಲಿ ಇದಕ್ಕೆ ಬೇಕಾದುದೆಲ್ಲ ಊರಲ್ಲೇ ಇದೆ. ಕೋಲಾಟದಲ್ಲಿ ಎದುರಿನವರ ಕೋಲಿಗೆ ನಮ್ಮ ಕೋಲು ತಾಳಕ್ಕೆ ಸರಿಯಾಗಿ ತಾಗಬೇಕಾದರೆ ಗಮನವೆಲ್ಲ ಅಲ್ಲೇ ಇರಬೇಕು; ಅಷ್ಟು ಹೊತ್ತು ಚಿಂತೆ ದೂರ. ಸೋಬಾನೆಯಲ್ಲಿ ಒಬ್ಬಾಕೆ ಎತ್ತಿಕೊಟ್ಟ ಸೊಲ್ಲಿಗೆ ಉಳಿದವರು ದನಿಗೂಡಿಸುತ್ತಾರೆ. ಒಂಟಿಯಾಗಿ ಬಾಯಿಬಿಡಲು ಹಿಂಜರಿಯುವವಳೂ ಅಲ್ಲಿ ಹಾಡುತ್ತಾಳೆ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ರಾಜ್ಯದ ಜೈಲುಗಳಲ್ಲಿ ಕೈದಿಗಳಿಂದಲೇ ನಾಟಕ ಆಡಿಸಿ, ರಂಗಭೂಮಿ ಮನಸ್ಸನ್ನು ತಿದ್ದಬಲ್ಲದೆಂದು ತೋರಿಸಿದ್ದಾರೆ.

ಕಲೆ ಔಷಧಕ್ಕೆ ಬದಲಿ ಅಲ್ಲ. ತೀವ್ರ ಖಿನ್ನತೆಗೆ ವೈದ್ಯರೇ ಬೇಕು. ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿಯೂ ಲಭ್ಯ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರುವವರು ಭಜನೆ ಮಂಡಳಿಗೆ ಬಂದಾರು, ಅಲ್ಲಿ ಮನಬಿಚ್ಚಿ ಮಾತಾಡಿಯಾರು.

ಸಮುದಾಯ ಭವನಗಳು ಮದುವೆ, ಸಭೆಗಳಿಗಷ್ಟೇ ಮೀಸಲಾಗುವುದು ಬೇಡ. ಗ್ರಾಮ ಪಂಚಾಯಿತಿಗಳು ವಾರಕ್ಕೊಂದು ಸಂಜೆಯನ್ನು ಹಾಡು, ಕುಣಿತ, ನಾಟಕಕ್ಕೆ ಬಿಟ್ಟುಕೊಡಲಿ. ಹೇಳಿಕೊಡುವ ಸ್ಥಳೀಯ ಕಲಾವಿದರಿಗೆ ಸಂಸ್ಕೃತಿ ಇಲಾಖೆ ಗೌರವಧನ ನೀಡಲಿ. ಆಶಾ ಕಾರ್ಯಕರ್ತೆಯರು ಒಂಟಿ ಜೀವಗಳನ್ನು ಅಲ್ಲಿಗೆ ಕರೆತರಲಿ. ಇದಕ್ಕೆ ದೊಡ್ಡ ಮೊತ್ತ ಬೇಕಿಲ್ಲ, ಇಚ್ಛಾಶಕ್ತಿ ಸಾಕು.