ಹೆದರೋದು ಕನ್ನಡದಲ್ಲಿ, ಹೋಮ್‌ವರ್ಕ್ ಮಾತ್ರ ಇಂಗ್ಲಿಷ್‌ನಲ್ಲಿ

ಮೂರನೇ ಸೆಮ್ ರಿಸಲ್ಟ್ ಬಂದಾಗ ನನ್ನ ಮ್ಯಾಥ್ಸ್ ಮುಂದೆ ಎಫ್ ಇತ್ತು. ಆಮೇಲೆ ಮೂರು ವಾರ ನಾನು ಅಪ್ಪನ ಫೋನ್ ಎತ್ತಲಿಲ್ಲ. "ಲ್ಯಾಬ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ" ಅಂತ ಮೆಸೇಜ್ ಹಾಕ್ತಿದ್ದೆ. ಭಾನುವಾರ ಕೂಡ! ಕೊನೆಗೆ ರೂಮ್‌ಮೇಟ್ ನನ್ನನ್ನ ಎಳ್ಕೊಂಡು ಹೋಗಿ ಒಬ್ಬರು ಕೌನ್ಸೆಲರ್ ಮುಂದೆ ಕೂರಿಸಿದಳು.

ಅವರು ಒಂದು ಶೀಟ್ ಕೊಟ್ಟರು. ಏನಾಯ್ತು, ಆಗ ತಲೆಗೆ ಏನು ಬಂತು, ಅದನ್ನ ನೂರಕ್ಕೆ ಎಷ್ಟು ನಂಬ್ತೀಯ, ಸಾಕ್ಷಿ ಏನಿದೆ ಅಂತ ಕಾಲಂಗಳು. ಎಲ್ಲ ಇಂಗ್ಲಿಷ್. ನಾನೂ "ಐ ಮೈಟ್ ಡಿಸಪಾಯಿಂಟ್ ಮೈ ಪೇರೆಂಟ್ಸ್" ಅಂತ ಬರೆದು 40 ಹಾಕಿದೆ. ಅವರು ನೋಡಿ, "ನಿನ್ನ ತಲೆ ನಿನಗೆ ಇಂಗ್ಲಿಷ್‌ನಲ್ಲೇ ಹೇಳಿತೇನಮ್ಮಾ?" ಅಂತ ಕೇಳಿದರು. ಇಲ್ಲ. ಅದು ಹೇಳಿದ್ದು, "ಇನ್ನು ಅಪ್ಪನಿಗೆ ಮುಖ ತೋರಿಸೋ ಹಾಗಿಲ್ಲ" ಅಂತ. ಹಾಗೇ ಬರೆದೆ. ಈ ಸಲ 95 ಹಾಕಿದೆ. ಕೈ ನಡುಗ್ತಿತ್ತು.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದ ಕಾಗುಣಿತವನ್ನೂ ಎಡಿಟರ್ ತಿದ್ದಬೇಕು. ಆದ್ರೆ ಹೆದರೋದು, ನನ್ನನ್ನ ನಾನೇ ಬೈಕೊಳ್ಳೋದು ಕನ್ನಡದಲ್ಲೇ. ಅದಕ್ಕೇ ನನ್ನ ಅಭಿಪ್ರಾಯ ಇದು: ಸೊಟ್ಟ ಯೋಚನೆಯನ್ನ ಅದು ಮಾತಾಡೋ ಭಾಷೆಯಲ್ಲೇ ಹಿಡೀಬೇಕು. ಥೆರಪಿ ಆರಿಸುವಾಗಲೂ ಭಾಷೆಯನ್ನ ಲೆಕ್ಕಕ್ಕೆ ತಗೋಬೇಕು.

ಆ ಶೀಟಿನ ಹಿಂದೆ ಇರೋರು ಆರನ್ ಬೆಕ್, ಅಮೆರಿಕದ ಫಿಲಡೆಲ್ಫಿಯಾದ ಸೈಕಿಯಾಟ್ರಿಸ್ಟ್. ಫ್ರಾಯ್ಡ್ ದಾರಿಯ ಮನೋವಿಶ್ಲೇಷಣೆ ಕಲಿತವರು. 1960ರ ದಶಕದಲ್ಲಿ ಡಿಪ್ರೆಶನ್ ಇರೋರ ಮಾತು ಕೇಳ್ತಾ, ಅವರ ತಲೆಯಲ್ಲಿ ತಾನಾಗೇ ಓಡೋ ಯೋಚನೆಗಳು ಕೆಲವೇ ರೀತಿಯಲ್ಲಿ ಸೊಟ್ಟಗಾಗ್ತವೆ ಅಂತ ಗಮನಿಸಿದರು. ಅಲ್ಲಿಂದ ಬೆಳೆದದ್ದು ಸಿಬಿಟಿ, ಅಂದ್ರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. 1980ರಲ್ಲಿ ಡೇವಿಡ್ ಬರ್ನ್ಸ್ ತಮ್ಮ 'ಫೀಲಿಂಗ್ ಗುಡ್' ಪುಸ್ತಕದಲ್ಲಿ ಇವುಗಳ ಪಟ್ಟಿ ಕೊಟ್ಟು ಜನಪ್ರಿಯ ಮಾಡಿದರು. ಕಾಗ್ನಿಟಿವ್ ಡಿಸ್ಟಾರ್ಷನ್ ಅಂದ್ರೆ ಇವೇ.

ಹೆಸರು ದೊಡ್ಡದು, ವಿಷಯ ನಮ್ಮಜ್ಜಿಗೂ ಗೊತ್ತು. ಕ್ಯಾಟಸ್ಟ್ರೊಫೈಸಿಂಗ್ ಅಂದ್ರೆ ಕಡ್ಡೀನ ಗುಡ್ಡ ಮಾಡೋದು: ಒಂದು ಎಫ್ ಬಂತು, ಪ್ಲೇಸ್‌ಮೆಂಟ್ ಹೋಯ್ತು, ಲೈಫ್ ಮುಗೀತು. ಪರ್ಸನಲೈಸೇಷನ್ ಅಂದ್ರೆ ಕುಂಬಳಕಾಯಿ ಕದೀದೇ ಇದ್ರೂ ಹೆಗಲು ಮುಟ್ಟಿ ನೋಡ್ಕೊಳ್ಳೋದು: ಸರ್ "ಕೆಲವರು ಸೀರಿಯಸ್ ಇಲ್ಲ" ಅಂದ್ರೆ ಅದು ನನಗೇ. ಲೇಬಲಿಂಗ್ ಅಂದ್ರೆ "ಒಂದು ಪೇಪರ್ ಹೋಯ್ತು" ಅನ್ನೋ ಬದಲು "ನಾನೇ ದಡ್ಡಿ" ಅನ್ನೋದು. ಮೈಂಡ್ ರೀಡಿಂಗ್ ಅಂದ್ರೆ ಅವರು ಬಾಯಿ ಬಿಡೋ ಮೊದಲೇ ಅವರ ಮನಸ್ಸಲ್ಲಿ ಏನಿದೆ ಅಂತ ನಾವೇ ತೀರ್ಮಾನ ಮಾಡೋದು. ನಾನು ಅಪ್ಪನಿಗೆ ಮಾಡಿದ್ದು ಅದನ್ನೇ.

ಪಟ್ಟಿ ಸಿಕ್ಕ ಖುಷಿಯಲ್ಲಿ ಒಂದು ತಪ್ಪೂ ಮಾಡಿದೆ. ರೂಮ್‌ಮೇಟ್ ಒಂದಿನ, "ಮುಂದಿನ ವರ್ಷ ಫೀಸ್ ಕಟ್ಟೋಕಾಗಲ್ವೇನೋ" ಅಂದಳು. ನಾನು "ಅದು ಕ್ಯಾಟಸ್ಟ್ರೊಫೈಸಿಂಗ್ ಕಣೇ" ಅಂದೆ. ಅವಳು, "ಅಲ್ಲ ಕಣೇ, ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿದೆ. ಇದು ಲೆಕ್ಕ" ಅಂದಳು. ನಾಚಿಕೆ ಆಯ್ತು. ಅವಳಿಗೆ ಬೇಕಿದ್ದದ್ದು ಸ್ಕಾಲರ್‌ಶಿಪ್ ಅರ್ಜಿ, ನನ್ನ ಪಟ್ಟಿ ಅಲ್ಲ. ರ‍್ಯಾಗಿಂಗ್, ಜಾತಿ ಹೆಸರಲ್ಲಿ ಅವಮಾನ, ಮನೆಯಲ್ಲಿ ಹೊಡೆತ, ಇವು ಯಾವುದೂ ಸೊಟ್ಟ ಯೋಚನೆ ಅಲ್ಲ. ಅಲ್ಲಿ ಬದಲಾಗಬೇಕಿರೋದು ಪರಿಸ್ಥಿತಿ.

ಹಾಗಾಗಿ ಸಿಬಿಟಿ ಒಂದೇ ಔಷಧಿ ಅಂತ ನಾನು ಹೇಳಲ್ಲ. ಆತಂಕ, ಡಿಪ್ರೆಶನ್‌ಗೆ ಅದರ ಮೇಲೆ ತುಂಬಾ ಸಂಶೋಧನೆ ಆಗಿದೆ, ಹೋಮ್‌ವರ್ಕ್ ಇರತ್ತೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯತ್ತೆ. ಆದ್ರೆ ಯೋಚನೆ ಜೊತೆ ವಾದ ಮಾಡಿ ಮಾಡಿ ಸುಸ್ತಾಗೋರೂ ಇದ್ದಾರೆ. ಅಂಥವರಿಗೆ ಎಸಿಟಿ ಇದೆ: ಯೋಚನೆ ಬಂದು ಹೋಗಲಿ ಬಿಡು, ನಿನಗೆ ಮುಖ್ಯವಾದ ಕೆಲಸ ಮಾಡು ಅನ್ನೋ ದಾರಿ. ಭಾವನೆ ಉಕ್ಕಿ ಬಂದು ತಮಗೆ ತಾವೇ ನೋವು ಮಾಡ್ಕೊಳ್ಳೋರಿಗಾಗಿ ಮಾರ್ಷಾ ಲೈನ್‌ಹನ್ ಡಿಬಿಟಿ ರೂಪಿಸಿದರು. ಪ್ರತಿ ಸಂಬಂಧವೂ ಒಂದೇ ಥರ ಮುರಿದು ಬೀಳ್ತಿದ್ರೆ, ಬಾಲ್ಯದಿಂದ ನಿಧಾನವಾಗಿ ಬಿಡಿಸ್ತಾ ಬರೋ ಸೈಕೋಡೈನಮಿಕ್ ಥೆರಪಿ ಇದೆ.

ರೀಲ್ಸ್ ನೋಡಿ ಇವುಗಳಲ್ಲಿ ಒಂದನ್ನ ಆರಿಸಬೇಡಿ. ಎದುರಿಗೆ ಕೂತವರನ್ನ ಧೈರ್ಯವಾಗಿ ಕೇಳಿ: ನೀವು ಏನು ಓದಿದ್ದೀರಿ? ನನ್ನ ಜೊತೆ ಹೇಗೆ ಕೆಲಸ ಮಾಡ್ತೀರಿ, ಉಪಯೋಗ ಆಗ್ತಿದೆ ಅಂತ ಹೇಗೆ ಗೊತ್ತಾಗತ್ತೆ? ನಾನು ಕನ್ನಡದಲ್ಲಿ ಮಾತಾಡಬಹುದಾ? ಯಾವ ಥೆರಪಿ ಆದ್ರೂ ಥೆರಪಿಸ್ಟ್ ಜೊತೆ ನಂಬಿಕೆ ಮೂಡಬೇಕು. ಮೂಡದಿದ್ರೆ ಅವರಿಗೇ ಹೇಳಿ, ಬೇಕಾದ್ರೆ ಬದಲಾಯಿಸಿ. ಅದು ಫೇಲ್ ಆದ ಹಾಗಲ್ಲ. ನಿದ್ದೆ, ಊಟ ಪೂರ್ತಿ ಕೆಟ್ಟಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ, ಮಾತ್ರೆ ಬೇಕಾ ಅಂತ ಅವರು ಹೇಳ್ತಾರೆ. ಸಾಯೋ ಯೋಚನೆ ಬರ್ತಿದ್ರೆ ಇದೆಲ್ಲ ಹುಡುಕ್ತಾ ಕೂರಬೇಡಿ. ತಕ್ಷಣ ಜೊತೆಯಲ್ಲಿ ಇರೋರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಆ ವಾರ ನನ್ನ ಹೋಮ್‌ವರ್ಕ್ ಅಪ್ಪನಿಗೆ ಫೋನ್ ಮಾಡೋದು. ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಜಾರಾಗಿತ್ತು, ಅದು ನನ್ನ ಕಲ್ಪನೆ ಅಲ್ಲ. ಆಮೇಲೆ, "ಮೊದಲೇ ಹೇಳೋಕೇನಾಗಿತ್ತು? ಮೂರು ವಾರದಿಂದ ನಿಮ್ಮಮ್ಮ ಸರಿಯಾಗಿ ಮಲಗಿಲ್ಲ" ಅಂದರು. ನಾನು ಊಹಿಸಿದ್ದ ನೂರು ಡೈಲಾಗ್‌ಗಳಲ್ಲಿ ಇದು ಇರಲೇ ಇಲ್ಲ.

ಮ್ಯಾಥ್ಸ್ ಇನ್ನೂ ಬಾಕಿ ಇದೆ. ಫೋನ್ ಮಾತ್ರ ಈಗ ಎತ್ತುತ್ತಿದೀನಿ.