ಸ್ಮ್ಯಾಷ್ ಆಮೇಲೆ, ಮೊದಲು ಮಂಡಿ ಗಟ್ಟಿಯಾಗಲಿ

ಕಳೆದ ತಿಂಗಳು ಎಂಟನೆಯ ತರಗತಿಯ ಹದಿಮೂರು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಮೆಟ್ಟಿಲು ಹತ್ತುವಾಗ, ಕುಕ್ಕರುಗಾಲಿನಲ್ಲಿ ಕೂತು ಏಳುವಾಗ ಬಲ ಮಂಡಿಯಲ್ಲಿ ನೋವು. ಮಂಡಿಚಿಪ್ಪಿನ ಕೆಳಗೆ ಅಡಿಕೆ ಗಾತ್ರದ ಗಟ್ಟಿ ಗಂಟು. ಒತ್ತಿದರೆ ಹುಡುಗ ಮುಖ ಹಿಂಡುತ್ತಿದ್ದ. ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾನೆ. ವಾರದಲ್ಲಿ ಆರು ದಿನ, ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಅಭ್ಯಾಸ. ಅದರಲ್ಲಿ ಬಹುಪಾಲು ನೆಟ್ ಬಳಿ ಹಾರಿ ಹಾರಿ ಚೆಂಡು ಹೊಡೆಯುವುದೇ.

"ಡಾಕ್ಟ್ರೇ, ಇವನಮ್ಮ ಆಟ ಬಿಡಿಸಿ ಅಂತಾಳೆ. ಮೇಷ್ಟ್ರು ಇದು ಬೆಳೆಯೋ ವಯಸ್ಸಿನ ನೋವು, ಆಡ್ತಾ ಆಡ್ತಾ ಹೋಗುತ್ತೆ ಅಂತಾರೆ. ನಾನು ಯಾರ ಮಾತು ಕೇಳಲಿ?" ಎಂದು ತಂದೆ ಕೇಳಿದರು.

ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು.

ಈ ತೊಂದರೆಗೆ ಆಸ್ಗುಡ್-ಶ್ಲಾಟರ್ ಎಂದು ಹೆಸರು. 1903ರಲ್ಲಿ ಅಮೆರಿಕದ ಆಸ್ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಎಂಬ ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪಿನ ಮೂಲಕ ಹಾದು ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿಕೊಂಡಿರುತ್ತದೆ. ಅದು ಅಂಟಿಕೊಂಡ ಜಾಗ ಬೆಳೆಯುವ ಮಕ್ಕಳಲ್ಲಿ ಇನ್ನೂ ಮೂಳೆಯಾಗಿ ಗಟ್ಟಿಗೊಳ್ಳದೆ ಮೆದುವಾಗಿರುತ್ತದೆ. ಮಗು ಏಕಾಏಕಿ ಎತ್ತರವಾಗುವ ವರ್ಷಗಳಲ್ಲಿ ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಹೊಂದಿಕೊಳ್ಳುವುದಿಲ್ಲ. ಬಿಗಿಯಾದ ಆ ಸ್ನಾಯು ಪ್ರತಿ ಜಿಗಿತಕ್ಕೂ ಮೆದು ಜಾಗವನ್ನು ಜಗ್ಗುತ್ತದೆ. ಅಲ್ಲಿ ಊತ, ನೋವು, ಕೊನೆಗೆ ಗಂಟು. ಬೆಳವಣಿಗೆ ನಿಂತ ಮೇಲೆ ನೋವು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ ಎಂಬುದು ನಿಜ. ಆದರೆ ನೋವಿನ ಮೇಲೆಯೇ ಜಿಗಿಸುವುದು ಅದಕ್ಕೆ ಚಿಕಿತ್ಸೆಯಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇದೇ ನೋವಿನಿಂದ ಬಂದ ಹುಡುಗಿಗೆ ನಾನು ಒಂದೇ ಸಾಲು ಬರೆದುಕೊಟ್ಟಿದ್ದೆ: "ಆಟ ಬೇಡ." ಎಷ್ಟು ದಿನ, ಆಮೇಲೆ ಹೇಗೆ ಶುರು ಮಾಡಬೇಕು ಎಂದು ಹೇಳಲಿಲ್ಲ. ಮನೆಯವರಿಗೆ ಅಷ್ಟೇ ಸಾಕಾಯಿತು. ಆ ಹುಡುಗಿ ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಸಂತೋಷದಿಂದ ಮಾಡುತ್ತಿದ್ದ ಮಗುವಿನಿಂದ ನಾನು ಆಟ ಕಿತ್ತುಕೊಂಡಿದ್ದೆ. ಬಿಡಿಸಬೇಕಾಗಿದ್ದು ಆಟವನ್ನಲ್ಲ, ಕೆಲವು ವಾರಗಳ ಜಿಗಿತವನ್ನು ಮಾತ್ರ.

ಕಲಿಕೆಯ ಕ್ರಮ ತಲೆಕೆಳಗು

ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನೋಡಿದವರಿಗೆ ಗೊತ್ತು, ಸಿಳ್ಳೆ ಬೀಳುವುದು ಸ್ಮ್ಯಾಷ್‌ಗೆ. ಹೀಗಾಗಿ ಮಕ್ಕಳು ಮೊದಲು ಕಲಿಯಬಯಸುವುದೂ ಅದನ್ನೇ, ಅನೇಕ ಕಡೆ ಕಲಿಸುವುದೂ ಅದನ್ನೇ. ಪುರುಷರ ನೆಟ್‌ನ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್. ಐದಡಿ ದಾಟದ ಹುಡುಗನನ್ನು ದೊಡ್ಡವರ ನೆಟ್‌ನ ಮುಂದೆ ನಿಲ್ಲಿಸಿ ಹೊಡೆ ಎಂದರೆ ಅವನ ಮಂಡಿಯೂ ಭುಜವೂ ಸುಂಕ ಕಟ್ಟಬೇಕಾಗುತ್ತದೆ. ಮಕ್ಕಳಿಗೆ ನೆಟ್ ತಗ್ಗಿಸಿ ಕಟ್ಟುವುದು ಅವಮಾನವೇನಲ್ಲ.

ಮೂರು ಸ್ಪರ್ಶದ ಈ ಆಟದಲ್ಲಿ ಸ್ಮ್ಯಾಷ್ ಬರುವುದು ಸಾಮಾನ್ಯವಾಗಿ ಮೂರನೆಯದಾಗಿ. ಮೊದಲನೆಯ ಪಾಸ್ ಕೆಟ್ಟರೆ ಲಿಫ್ಟರ್ ಏನೂ ಮಾಡಲಾರ, ಲಿಫ್ಟ್ ಕೆಟ್ಟರೆ ಸ್ಮ್ಯಾಷರ್ ಏನೂ ಮಾಡಲಾರ. ಚೆಂಡು ಎತ್ತುವುದಕ್ಕೆಂದೇ 'ಲಿಬೆರೊ' ಎಂಬ ಆಟಗಾರನನ್ನು ಅಂತರರಾಷ್ಟ್ರೀಯ ಆಟದಲ್ಲಿ 1998ರಲ್ಲಿ ತಂದರು. ಅವನು ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆಯುವಂತಿಲ್ಲ. ಆದರೂ ಅವನಿಲ್ಲದ ದೊಡ್ಡ ತಂಡ ಅಪರೂಪ.

ವೈದ್ಯನಾಗಿ ನನಗೆ ಪಾಸ್ ಇಷ್ಟವಾಗಲು ಇನ್ನೊಂದು ಕಾರಣವಿದೆ. ಕಾಲು ಅಗಲಿಸಿ, ಮಂಡಿ ಬಾಗಿಸಿ, ಎರಡೂ ಮುಂಗೈ ಜೋಡಿಸಿ, ತೋಳು ಬೀಸದೆ ಕಾಲಿನ ಬಲದಿಂದ ಚೆಂಡನ್ನು ಎತ್ತುವ ಆ ಭಂಗಿ ಅರ್ಧ ಬಸ್ಕಿಯೇ. ಪಾಸ್ ಕಲಿಯುತ್ತಲೇ ತೊಡೆ, ಸೊಂಟ ಗಟ್ಟಿಯಾಗುತ್ತವೆ. ಗಟ್ಟಿಯಾದ ಕಾಲಿಗೆ ಆಮೇಲೆ ಜಿಗಿತ ಭಾರವಾಗುವುದಿಲ್ಲ.

ಇಳಿಯುವುದನ್ನು ಕಲಿಸಿ

ಹಾರುವುದನ್ನು ಎಲ್ಲರೂ ಕಲಿಸುತ್ತಾರೆ, ಇಳಿಯುವುದನ್ನು ಕಲಿಸುವವರು ಕಡಿಮೆ. ಎರಡೂ ಪಾದಗಳ ಮೇಲೆ, ಮುಂಗಾಲು ಮೊದಲು ಊರಿ, ಮಂಡಿ ಬಾಗಿಸಿ, ಸದ್ದಾಗದಂತೆ ಇಳಿಯಬೇಕು. ಮಂಡಿಗಳು ಒಳಕ್ಕೆ ವಾಲಬಾರದು. ಧಪ್ಪೆಂದು ಸದ್ದಾದರೆ ಪೆಟ್ಟು ಕೀಲಿಗೆ ಬಿತ್ತೆಂದೇ ಅರ್ಥ. ಸಿಮೆಂಟಿನ ನೆಲಕ್ಕಿಂತ ಕಲ್ಲು ಆರಿಸಿ, ನೀರು ಚಿಮುಕಿಸಿದ ಮಣ್ಣಿನ ಅಂಕಣ ಮಕ್ಕಳ ಕಾಲಿಗೆ ಹಿತ.

ವಾಲಿಬಾಲ್‌ನಲ್ಲಿ ಹಠಾತ್ತಾಗಿ ಆಗುವ ಗಾಯಗಳಲ್ಲಿ ಪಾದದ ಹರಡು ಉಳುಕುವುದೇ ಮೊದಲನೆಯದು. ಹೆಚ್ಚಾಗಿ ಇದು ನೆಟ್ ಬಳಿ ಇನ್ನೊಬ್ಬರ ಪಾದದ ಮೇಲೆ ಇಳಿದಾಗ ಆಗುತ್ತದೆ. ನೇರವಾಗಿ ಮೇಲಕ್ಕೆ ಹಾರಿ ಹಾರಿದಲ್ಲೇ ಇಳಿಯುವ ಅಭ್ಯಾಸ ಇದನ್ನು ತಡೆಯುತ್ತದೆ. ಉಳುಕಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಬ್ಲಾಕ್ ಮಾಡುವಾಗ ಚೆಂಡು ತಗುಲಿ ಊದಿದ ಬೆರಳನ್ನು ಎಳೆದು 'ಸರಿ' ಮಾಡಲು ಹೋಗಬೇಡಿ, ಒಳಗೆ ಮೂಳೆ ಮುರಿದಿರಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10-15 ನಿಮಿಷ ಇಟ್ಟು ವೈದ್ಯರಿಗೆ ತೋರಿಸಿ.

ದಿನಚರಿ ಹೀಗಿರಲಿ

ಆಟಕ್ಕೆ ಮೊದಲು 10-15 ನಿಮಿಷ ನಿಧಾನ ಓಟ, ಪಕ್ಕಕ್ಕೆ ಹೆಜ್ಜೆ, ಭುಜ ತಿರುಗಿಸುವುದು. ವಾರಕ್ಕೆ ಎರಡು ಮೂರು ದಿನ ಅರ್ಧ ಬಸ್ಕಿ, ಮೀನಖಂಡಕ್ಕೆ ತುದಿಗಾಲಲ್ಲಿ ಏಳುವುದು, ಹರಡಿಗೆ ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು. ಇವಕ್ಕೆ ಜಿಮ್ ಬೇಡ, ಮನೆಯ ಜಗಲಿ ಸಾಕು. ಆಟ ಮುಗಿದ ಮೇಲೆ ಬೋರಲು ಮಲಗಿ ಹಿಮ್ಮಡಿಯನ್ನು ನಿಧಾನವಾಗಿ ಪೃಷ್ಠದ ಕಡೆಗೆ ಎಳೆದು 20-30 ಸೆಕೆಂಡು ಹಿಡಿಯಬೇಕು. ಯಾವುದೂ ನೋವಾಗುವ ಮಟ್ಟಕ್ಕೆ ಹೋಗಬಾರದು.

ವಾರದಲ್ಲಿ ಆಡುವ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎನ್ನುವುದು ಕ್ರೀಡಾ ವೈದ್ಯರ ಸರಳ ಸೂತ್ರ. ನಮ್ಮ ಹುಡುಗನಿಗೆ ಹದಿಮೂರು ವರ್ಷ, ಅವನ ಅಭ್ಯಾಸ ವಾರಕ್ಕೆ ಹದಿನೆಂಟು ಗಂಟೆ! ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವೂ ಬೇಕು.

ಖಾಲಿ ಹೊಟ್ಟೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಕಳಿಸಬೇಡಿ. ದುಬಾರಿ ಪುಡಿಗಳೂ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ರಾಗಿ, ಕಾಳು, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆಟದಲ್ಲಿ ಬೇಗ ದಣಿಯುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕೀಲೆಲ್ಲ ಊದಿಕೊಳ್ಳುವುದು, ಹಾರಿದಾಗ ತಟ್ಟನೆ ನೋವಾಗಿ ಕಾಲು ನೇರ ಮಾಡಲಾಗದಿರುವುದು, ಇವು ಬೆಳೆಯುವ ನೋವಲ್ಲ. ಕೂಡಲೇ ವೈದ್ಯರನ್ನು ಕಾಣಬೇಕು. ನೋವಿನ ಮಾತ್ರೆ ನುಂಗಿಸಿ ಪಂದ್ಯಕ್ಕೆ ಇಳಿಸುವುದಂತೂ ಬೇಡವೇ ಬೇಡ.

ಹುಡುಗ ಮೊನ್ನೆ ಮತ್ತೆ ಬಂದಿದ್ದ. ನೋವು ಪೂರ್ತಿ ಹೋಗಿಲ್ಲ, ಆದರೆ ಕಡಿಮೆಯಾಗಿದೆ. ಜಿಗಿತ ನಿಲ್ಲಿಸಿ ಈಗ ಪಾಸ್, ಅಂಡರ್‌ಹ್ಯಾಂಡ್ ಸರ್ವಿಸ್ ಮಾತ್ರ ಮಾಡುತ್ತಿದ್ದಾನೆ. "ಬೇಜಾರು ಸಾರ್" ಎಂದ. ಇರಲಿ, ತಂಡದಲ್ಲಿದ್ದಾನಲ್ಲ.

ಪೋಷಕರೇ, ಒಂದು ಸಂಜೆ ಮೈದಾನಕ್ಕೆ ಹೋಗಿ. ನಿಮ್ಮ ಮಗು ಎಷ್ಟು ಎತ್ತರ ಹಾರುತ್ತದೆ ಎಂದು ನೋಡಬೇಡಿ, ಹೇಗೆ ಇಳಿಯುತ್ತದೆ ಎಂದು ನೋಡಿ. ಕಂಡದ್ದನ್ನು ಅದರ ಮೇಷ್ಟ್ರ ಜೊತೆ ಕೂತು ಮಾತಾಡಿ.